ಕಾರಿನಲ್ಲೊಂದು ಊಟದ ಮಣೆ

ನಿಮ್ಮ ಕಾರಿನ ಮುಂದಿನ ಸೀಟು ಬಿಚ್ಚಿಟ್ಟು, ಅಲ್ಲಿ ಊಟದ ಮಣೆ ಹಾಕಿ, ನಿಮ್ಮಜ್ಜಿಯನ್ನು ಯಾವತ್ತಾದರೂ ಕೂರಿಸಿದ್ದೀರಾ? ಇಲ್ಲ ತಾನೇ? ಹಾಗಾದರೆ ಕಾರಿನ ಸುಖ ನಿಮಗೆ ಅರ್ಧ ಮಾತ್ರ ಗೊತ್ತು ಬಿಡಿ.

ಅದು ಯುದ್ಧದ ಕಾಲ. ನನಗೆ ಹತ್ತೋ ಹನ್ನೊಂದೋ ವರ್ಷ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮ ಮನೆ. ಅಪ್ಪ ಓವರ್‌ಸಿಯರ್, ರಸ್ತೆ ಮೋರಿ ನೋಡಿಕೊಳ್ಳುವ ಸರ್ಕಾರಿ ಕೆಲಸ. ಕಾಫಿ ತೋಟದ ದೊರೆಯೊಬ್ಬರು ಊರು ಬಿಡುವಾಗ ಮಾರಿದ ಪುಟ್ಟ ಕಾರೊಂದನ್ನು ಅಪ್ಪ ಕೊಂಡುಕೊಂಡಿದ್ದರು. ಜನ ಅದನ್ನು ಬೇಬಿ ಕಾರು ಅನ್ನುತ್ತಿದ್ದರು. ಬಾಗಿಲು ಎರಡೇ. ಚಕ್ರ ಸೈಕಲ್ಲಿನದಕ್ಕಿಂತ ಕೊಂಚ ದಪ್ಪ. ಹಿಂದಿನ ಸೀಟು ಮಕ್ಕಳಿಗೆ ಮಾತ್ರ. ಮನೆಗೆ ತಂದ ದಿನ ಎದುರುಮನೆ ಸಾಹುಕಾರರು ಜಗಲಿಯಿಂದಲೇ ಕೇಳಿದರು, "ಏನ್ ಸ್ವಾಮಿ, ಮರಿ ಮಾತ್ರ ಹಿಡ್ಕೊಂಡು ಬಂದಿದೀರಿ. ಇದರ ತಾಯಿ ಎಲ್ಲಿ?"

ತಾಯಿ ಅವರ ಷೆಡ್ಡಿನಲ್ಲೇ ಇತ್ತು. ಜೋಡೆತ್ತಿನ ಗಾಡಿಯಷ್ಟು ಉದ್ದದ ಕಾರು. ಯುದ್ಧದಿಂದಾಗಿ ಪೆಟ್ರೋಲು ಕೂಪನ್ನಿಗಷ್ಟೇ ಸಿಗುವಂತಾದ ಮೇಲೆ ಅದನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿದರು, ಬಾನೆಟ್ಟಿನ ಮೇಲೆ ಕೋಳಿಗಳು ಮಲಗತೊಡಗಿದವು. ನಮ್ಮದು ಮಾತ್ರ ಓಡುತ್ತಲೇ ಇತ್ತು. ಒಂದು ಗುಟುಕು ಕುಡಿದು ಒಂದು ಊರು ದಾಟುವ ಪ್ರಾಣಿ ಅದು. ಇಳಿಜಾರು ಬಂತೆಂದರೆ ಅಪ್ಪ ಇಂಜಿನ್ನನ್ನೇ ಆರಿಸಿಬಿಡುತ್ತಿದ್ದರು. ಆಗ ಚಕ್ರದ ಸದ್ದು ಬಿಟ್ಟರೆ ಬೇರೇನೂ ಇಲ್ಲ, ಅಪ್ಪನ ಮುಖದಲ್ಲಿ ಪುಕ್ಕಟೆ ಸವಾರಿಯ ಕಳ್ಳನಗು. ಕೆಟ್ಟು ನಿಂತರೆ ಅಮ್ಮ ಮತ್ತು ನಾನು ಇಬ್ಬರೇ ತಳ್ಳುತ್ತಿದ್ದೆವು. ನನಗಂತೂ ಅದು ಕೆಡಲಿ ಎಂದೇ ಆಸೆ.

ಅಪ್ಪನ ತಾಯಿ, ನಮ್ಮಜ್ಜಿ, ಆ ಕಾರಿನ ಹತ್ತಿರವೂ ಸುಳಿದವಳಲ್ಲ. ಬೆಂಕಿಪೆಟ್ಟಿಗೆಯೊಳಗೆ ಕೂರುವುದಿಲ್ಲ ಎನ್ನುತ್ತಿದ್ದಳು. ಆದರೆ ಆ ವರ್ಷದ ಮಳೆಗಾಲದಲ್ಲಿ ಭದ್ರಾವತಿಯಲ್ಲಿದ್ದ ಅವಳ ತಂಗಿಯ, ಅಂದರೆ ನಮ್ಮ ಚಿಕ್ಕಜ್ಜಿಯ, ಗಂಡ ತೀರಿಕೊಂಡರು. ಅಜ್ಜಿ ಆಗಲೂ ಆ ಊರನ್ನು ಹಳೇ ಹೆಸರಿನಲ್ಲಿ ಬೆಂಕಿಪುರ ಎಂದೇ ಕರೆಯುತ್ತಿದ್ದಳು. ಬಂಧುಗಳೆಲ್ಲ ಹೋಗಿ ಮಾತಾಡಿಸಿಕೊಂಡು ಬಂದರು. ಒಡಹುಟ್ಟಿದ ಅಕ್ಕನಿಗೇ ಹೋಗಲಾಗಲಿಲ್ಲ. ಅವಳ ಬಲಮಂಡಿ ಮಡಿಸಲು ಬರುತ್ತಿರಲಿಲ್ಲ. ರೈಲಿನ ಮೆಟ್ಟಿಲಾಗಲಿ, ಎತ್ತಿನ ಗಾಡಿಯಾಗಲಿ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಾ ಹೊಗೆ ಬಿಡುವ ಬಸ್ಸಾಗಲಿ, ಹತ್ತುವುದು ಆಗದ ಮಾತು. ಬೇಸಿಗೆ ಬಂತು. ಭದ್ರಾವತಿಯಿಂದ ಯಾರೇ ಬಂದರೂ ಅಜ್ಜಿ ಕೇಳುವುದು ಒಂದೇ, ಅವಳು ಅತ್ತಳೇ ಎಂದು. ಇಲ್ಲ, ಗಟ್ಟಿಯಾಗಿದ್ದಾರೆ ಎಂದು ಬಂದವರು ಮೆಚ್ಚಿಕೊಂಡು ಹೇಳುತ್ತಿದ್ದರು. ಅದನ್ನು ಕೇಳಿದ ದಿನ ಅಜ್ಜಿಗೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ಅವಳೇ ಕಾರಿನ ಬಾಗಿಲ ಬಳಿ ಬಂದು ನಿಂತಳು. ಕಾರು ನೆಲಕ್ಕೆ ಹತ್ತಿರ, ಹತ್ತುವ ಕಷ್ಟವಿಲ್ಲ. ಆದರೆ ಸೀಟಿನ ಮೇಲೆ ಕೂತರೆ ತಲೆ ಚಾವಣಿಗೆ ತಾಗುತ್ತಿತ್ತು, ಚಾಚಿದ ಕಾಲಿಗೆ ಜಾಗವಿರಲಿಲ್ಲ. ಅಜ್ಜಿ ಮನೆಯೊಳಗೆ ಹೋಗಿ ಮಲಗಿದಳು.

ಅಮ್ಮ ಅಂದು ಬಡಿಸುವಾಗ ಅತ್ತೆಯನ್ನೇ ನೋಡುತ್ತಿದ್ದಳಂತೆ. ಮಣೆಯ ಮೇಲೆ ಕೂತು, ಬೆನ್ನು ಗೋಡೆಗೆ ಕೊಟ್ಟು, ಬಲಗಾಲು ಮುಂದಕ್ಕೆ ನೀಡಿಕೊಂಡರೆ ಅಜ್ಜಿಗೆ ಯಾವ ತೊಂದರೆಯೂ ಇಲ್ಲ. ಬೆಳಿಗ್ಗೆ ಅಪ್ಪನಿಗೆ ಹೇಳಿ ಚಾಲಕನ ಪಕ್ಕದ ಸೀಟು ಬಿಚ್ಚಿಸಿದಳು. ಅಲ್ಲಿ ಮಣೆ, ಅದರ ಮೇಲೆ ಕಂಬಳಿ, ಬೆನ್ನಿಗೆ ಹಾಸಿಗೆಯ ಸುರುಳಿ. ಅಜ್ಜಿಯನ್ನು ಹಿಂದಕ್ಕೆ ತಿರುಗಿಸಿ ಮೆಲ್ಲನೆ ಇಳಿಬಿಟ್ಟೆವು. ಕೂತಳು. ಕಿಟಕಿಯಲ್ಲಿ ಅವಳ ತಲೆ ಮಾತ್ರ ಕಾಣುತ್ತಿತ್ತು. ಆ ತಲೆ, "ಹೊರಡೋ" ಅಂದಿತು.

ಅಮ್ಮ ಮನೆಯಲ್ಲೇ ಉಳಿದಳು, ಹಿಂದಿನ ಸೀಟಿನಲ್ಲಿ ನಾನೊಬ್ಬಳೇ. ತುಂಗೆಯ ಸೇತುವೆ ದಾಟಿ, ಭದ್ರಾವತಿ ಸೇರುವವರೆಗೂ ಅಜ್ಜಿಗೆ ಆಕಾಶ ಮತ್ತು ಸಾಲುಮರದ ತುದಿ ಬಿಟ್ಟರೆ ಬೇರೇನೂ ಕಾಣಲಿಲ್ಲ. ಕಾರ್ಖಾನೆಯ ಹೊಗೆ ಕಂಡಾಗ ಊರು ಬಂತೆಂದು ಅವಳೇ ಹೇಳಿದಳು.

ಚಿಕ್ಕಜ್ಜಿಯ ಮಗ ಕಬ್ಬಿಣದ ಕುಲುಮೆಯಲ್ಲಿ ಕೆಲಸಕ್ಕಿದ್ದ. ಸಾಲುಮನೆಗಳ ಮುಂದೆ ಹೊಂಗೆ ಮರದ ಕೆಳಗೆ ಕಾರು ನಿಂತಿತು. ಆಗ ನೋಡಿ ಗೊತ್ತಾಗಿದ್ದು, ಕೂರಿಸುವುದನ್ನಷ್ಟೇ ನಾವು ಯೋಚಿಸಿದ್ದೆವು. ಮನೆಯಲ್ಲಿ ಅಜ್ಜಿಯನ್ನು ಮಣೆಯಿಂದ ಎಬ್ಬಿಸಲು ಇಬ್ಬರು ಬೇಕಿತ್ತು, ಆ ಕಡೆಗೊಬ್ಬರು ಈ ಕಡೆಗೊಬ್ಬರು. ಕಾರಿನ ಬಾಗಿಲಲ್ಲಿ ಒಬ್ಬರು ಬಗ್ಗುವುದೇ ಕಷ್ಟ. ಅಪ್ಪ ಎಳೆದರು. ಚಿಕ್ಕಜ್ಜಿಯ ಸೊಸೆ ಎಳೆದಳು. ಪಕ್ಕದ ಮನೆಯ ತಮಿಳು ಹೆಂಗಸು ಬಂದು ತನಗೆ ತೋಚಿದ್ದನ್ನು ತನ್ನ ಭಾಷೆಯಲ್ಲಿ ಹೇಳಿಕೊಟ್ಟಳು. ಸಾಲಿನವರೆಲ್ಲ ನೆರೆದರು. ಅಜ್ಜಿ ಬೆವೆತು, ಕಣ್ಣು ತುಂಬಿಕೊಂಡು ನೆಲ ನೋಡುತ್ತಿದ್ದಳು.

ಚಿಕ್ಕಜ್ಜಿ ಹೊಸ್ತಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಕಡ್ಡಿಯಂಥ ಹೆಂಗಸು. ಸರಸರ ಬಂದು ಅಪ್ಪನನ್ನು ಪಕ್ಕಕ್ಕೆ ಸರಿಸಿದಳು.

"ಅಕ್ಕಾ, ಇಳೀಬೇಡ. ನಾನೇ ಬರ್ತೀನಿ."

ಸುತ್ತು ಹಾಕಿ ಬಂದು ಚಾಲಕನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ನಾನಿನ್ನೂ ಹಿಂದೆ ಕೂತಿದ್ದೆ. ನನ್ನನ್ನು ನೋಡಿ ಬಾಗಿಲು ಮತ್ತೆ ತೆರೆದು ತಾನೂ ಇಳಿದು, ಮನೆಯೊಳಗೆ ಹೋಗಿ ಕಾಫಿ ಕುಡಿ ಎಂದು ಇಳಿಸಿ ಮತ್ತೆ ಕೂತಳು. ಗಾಜು ಏರಿತು. ನಾನು ಹೋಗಲಿಲ್ಲ ಅನ್ನಿ. ಅಪ್ಪನ ಜೊತೆ ಮರದ ಕಟ್ಟೆಯ ಮೇಲೆ ಕೂತೆ.

ಚಿಕ್ಕಜ್ಜಿ ಕಾರು ಬಿಡುವವಳಂತೆ ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತಿದ್ದಳು. ಅಜ್ಜಿ ಏನೋ ಕೇಳಿದಳು. ಚಿಕ್ಕಜ್ಜಿಯ ಹಣೆ ಮೆಲ್ಲಗೆ ಬಾಗಿ ಸ್ಟೇರಿಂಗಿಗೆ ತಾಗಿತು, ಹಾರ್ನು ಜೋರಾಗಿ ಹೊಡೆದುಕೊಂಡಿತು. ಕಾಗೆಗಳು ಎದ್ದವು, ಒಳಗೆ ಹೋಗಿದ್ದವರೆಲ್ಲ ಮತ್ತೆ ಹೊರಗೆ ಬಂದರು. ಚಿಕ್ಕಜ್ಜಿ ಬೆಚ್ಚಿ ನೆಟ್ಟಗೆ ಕೂತು ಅಕ್ಕನ ಮುಖ ನೋಡಿದಳು. ಕೆಳಗೆ ಮಣೆಯ ಮೇಲೆ ಅಜ್ಜಿ ಹೊಟ್ಟೆ ಕುಲುಕಿಸಿ ನಗುತ್ತಿದ್ದಳು. ಇವಳೂ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಮತ್ತೆ ಹಣೆ ಊರಿದಳು, ಈ ಸಲ ಹಾರ್ನಿನ ಗುಂಡಿ ತಪ್ಪಿಸಿ, ಒಂದು ಪಕ್ಕಕ್ಕೆ. ಅಜ್ಜಿಯ ಕೈ ಮೇಲೆದ್ದು ಅವಳ ಬೆನ್ನು ಹುಡುಕಿತು. ಅಪ್ಪ ಎದ್ದು ಕಾರಿಗೆ ಬೆನ್ನು ಮಾಡಿ ನಿಂತರು.

ಗಂಡ ಹೋದಾಗಿನಿಂದ ತನಗೆ ಅಳುವುದಕ್ಕೆ ಆ ಎರಡು ಕೋಣೆಯ ಮನೆಯಲ್ಲಿ ಮರೆಯೇ ಇರಲಿಲ್ಲವೆಂದು ಚಿಕ್ಕಜ್ಜಿ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದಳು. ಅತ್ತರೆ ಮಗ ಊಟ ಬಿಟ್ಟು ಎದ್ದುಬಿಡುತ್ತಿದ್ದನಂತೆ, ಸೊಸೆ ಹಿಂದೆ ಹಿಂದೆಯೇ ಬರುತ್ತಿದ್ದಳಂತೆ.

ಊಟವನ್ನೂ ಕಾರಿನೊಳಕ್ಕೇ ಕೊಟ್ಟರು. ಒಂದೇ ತಟ್ಟೆಯಲ್ಲಿ ಇಬ್ಬರೂ ಉಂಡರು. ಬಿಸಿಲು ಇಳಿದ ಮೇಲೆ ಚಿಕ್ಕಜ್ಜಿ ಊದಿದ ಕಣ್ಣಿನಲ್ಲಿ ಇಳಿದು, ಸೀಟನ್ನು ಸೆರಗಿನಿಂದ ಒರೆಸಿ ಅಪ್ಪನಿಗೆ ಬಿಟ್ಟುಕೊಟ್ಟಳು.

ವಾಪಸು ಬರುವಾಗ ಅಪ್ಪನಿಗೆ ದಾರಿಯುದ್ದಕ್ಕೂ ಅಜ್ಜಿಯನ್ನು ಮನೆಯಲ್ಲಿ ಇಳಿಸುವುದು ಹೇಗೆಂಬ ಚಿಂತೆ. ಅಜ್ಜಿಗೆ ಯಾವ ಚಿಂತೆಯೂ ಇರಲಿಲ್ಲ. ನನಗೆ ಬಾಯಿ ಸುಮ್ಮನಿರಬೇಕಲ್ಲ, ಅಷ್ಟು ದೂರ ಹೋಗಿ ಚಿಕ್ಕಜ್ಜಿ ಮನೆಯ ಹೊಸ್ತಿಲನ್ನೂ ದಾಟಲಿಲ್ಲ, ಇದೆಂಥ ಹೋಗೋದು ಅಜ್ಜಿ ಎಂದು ಕೆಣಕಿದೆ.

"ಹೊಸ್ಲು ದಾಟಿದ್ರೆ ಚಾಪೆ ಹಾಕಿ, ಕಾಫಿ ಕೊಟ್ಟು, ಎಲ್ಲಾರೂ ಸುತ್ತ ಕೂತ್ಕೋತಿದ್ರು. ನಾನೇನು ಅವರ ಮನೆ ನೋಡಕ್ಕೆ ಹೋಗಿದ್ನೇನೆ? ನೀನು ಮೊದ್ಲು ಆ ಕಾಲು ಪಕ್ಕಕ್ಕೆ ತೆಗಿ ಮಾರಾಯ್ತಿ, ಬೆನ್ನಿಗೆ ಒತ್ತುತ್ತೆ."