ರೊಟ್ಟಿ ಪುಟದ ಉಪಚಾರ

ಆ ದಿನ ಬೆಳಗ್ಗೆ ಆರಕ್ಕೆ ನಳ ಬಂತು. ನಮ್ಮ ಬಸವಕಲ್ಯಾಣದ ಓಣಿಯಲ್ಲಿ ಆಗ ಗಡಿಯಾರ ನೋಡಿ ಏಳುವವರು ಕಡಿಮೆ, ನಳದ ಸುಂಯ್ ಸದ್ದಿಗೆ ಏಳುವವರೇ ಎಲ್ಲ. ಕೊಡ, ಬಕೀಟು, ಪಾತೇಲಿ ಎಂದು ಮನೆಯಲ್ಲಿ ತಳವಿರುವ ಪಾತ್ರೆಗಳನ್ನೆಲ್ಲ ತುಂಬಿಸಿದೆ. ಚಹಾಕ್ಕಿಟ್ಟೆ. ನಮ್ಮ ಮನೆಯವರ ಗಡ್ಡದ ನೀರು ಕಾಯಿಸಿದೆ. ಪುಂಡಿಪಲ್ಲೆ ಸೋಸಲು ಕುಳಿತಾಗ ಏನೋ ಕಡಿಮೆಯಾಗಿದೆ ಅನಿಸಿತು. ಉಪ್ಪೇ, ಬೇಳೆಯೇ ಎಂದು ಡಬ್ಬಿಗಳ ಕಡೆ ನೋಡಿದ ಮೇಲೆ ಹೊಳೆಯಿತು: ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದೇ ಇಲ್ಲ.

ಪಕ್ಕದ ಮನೆಯ ಮಹಾದೇವಕ್ಕ ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದೇ ಮನೆ ನಡೆಸುತ್ತಿದ್ದವರು. ಅಂದು ಅವರು ಒಲೆ ಹಚ್ಚದೆ, ಗೋಡೆಯ ಮೇಲೆ ಗದ್ದವಿಟ್ಟು ನಿಂತಿದ್ದರು.

“ವೈನಿ, ಆ ಹೈದ್ರಾಬಾದಿನ ಮೇಡಂ ಇವತ್ತೇ ನೋಡ್ತಾಳಲ್ರೀ?”

“ಹೌದ್ರಿ ಅಕ್ಕ, ಇವತ್ತೇ. ನೀವೇನೂ ಫಿಕರ್ ಮಾಡಬ್ಯಾಡ್ರಿ. ಎಲ್ಲಾ ಬಂದೋಬಸ್ತ್ ಮಾಡೇನಿ.”

ಈ ‘ಎಲ್ಲಾ ಬಂದೋಬಸ್ತ್’ ಎಂಬ ಮಾತನ್ನು ನನ್ನ ಜೀವನದಲ್ಲಿ ನಾನು ನಾಲ್ಕೈದು ಸಲ ಆಡಿರಬಹುದು. ಪ್ರತಿ ಸಲವೂ ಅದರ ಹಿಂದೆಯೇ ಒಂದು ಅನಾಹುತ ಚಪ್ಪಲಿ ಬಿಟ್ಟು ಒಳಗೆ ಬಂದಿದೆ.

ವಿಷಯ ಇಷ್ಟು. ಲಗ್ನದ ಕಾಲ ಬಂದರೆ ಮಹಾದೇವಕ್ಕ ಮನೆಯಲ್ಲಿರುತ್ತಿರಲಿಲ್ಲ. ಕೊಹಿನೂರ, ಘಾಟಬೋರಾಳ, ಚಿಟಗುಪ್ಪ ಎಂದು ಲಗ್ನದ ಮನೆಯವರು ಟೆಂಪೋ ತಂದು ಕರೆದೊಯ್ದರೆ ಮೂರು ದಿನ ಅಲ್ಲೇ ರೊಟ್ಟಿ ಬಡಿಯಬೇಕು. ಆಗೆಲ್ಲ ಅವರ ಒಂಬತ್ತು ವರ್ಷದ ಮಗಳು ಶರಣಮ್ಮ ನಮ್ಮ ಮನೆಯಲ್ಲಿ ಮಲಗುತ್ತಿದ್ದಳು. ಊಟ ಮಾಡುತ್ತಿದ್ದಳು, ನಗುತ್ತಿದ್ದಳು, ನನ್ನ ಹಳೆಯ ಬಳೆಗಳನ್ನೆಲ್ಲ ಹಾಕಿಕೊಂಡು ಆಡುತ್ತಿದ್ದಳು. ಆದರೆ ಹಾಸಿಗೆ ಹಾಸಿದೊಡನೆ ಗೋಡೆಯ ಕಡೆ ಮುಖ ಮಾಡಿ, “ಅವ್ವ ನಾಳಿ ಬರ್ತಾಳೋ ನಾಡದ ಬರ್ತಾಳೋ?” ಎಂದು ಕೇಳುವಳು. ‘ನಾಡದ’ ಎಂದು ಹೇಳುವ ಕೆಲಸ ಪ್ರತಿ ಸಲ ನನ್ನದು.

ಇಂಥದ್ದರಲ್ಲಿ ಹೈದ್ರಾಬಾದಿನಲ್ಲಿದ್ದ ನನ್ನ ಗೆಳತಿ ಶೈಲಜಾಳಿಂದ ಒಂದು ಸುದ್ದಿ ಬಂದಿತ್ತು. ಹುಮನಾಬಾದಿನ ಕಾನ್ವೆಂಟಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳು ಹೈದ್ರಾಬಾದಿನ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಕೆಲಸಕ್ಕಿದ್ದಳು. ನಮ್ಮ ಕಡೆಯ ಹುಡುಗಿಯರು ಬಹಳ ಇದ್ದುದರಿಂದ ಹಾಸ್ಟೆಲಿಗೆ ವಾರವಾರವೂ ಕಡಕ್ ರೊಟ್ಟಿ ಬೇಕಂತೆ. ಆದರೆ ಅಲ್ಲಿಯ ಮೇಡಂಗೆ ಆಗಷ್ಟೇ ಕಂಪ್ಯೂಟರಿನ ಹುರುಪು ಹತ್ತಿತ್ತು. ಸೊಲ್ಲಾಪುರದ ಒಂದು ಕಾರ್ಖಾನೆಯದು ವೆಬ್‌ಸೈಟ್ ಇದೆ, ನಿಮ್ಮದೂ ಇದ್ದರೆ ಎರಡನ್ನೂ ಒಂದೇ ದಿನ ನೋಡಿ, ಅಲ್ಲೇ ಆರ್ಡರ್ ಬರೆಯುತ್ತೇನೆ ಎಂದಿದ್ದರು. ಆರ್ಡರ್ ಬಂದರೆ ಮಹಾದೇವಕ್ಕ ತಮ್ಮ ಒಲೆಯ ಮುಂದೆಯೇ ಕೂತು ಬಡಿದು ಬಸ್ಸಿಗೆ ಹಾಕಿದರಾಯಿತು. ಬರದಿದ್ದರೆ ಸಂಜೆ ಕೊಹಿನೂರದ ಲಗ್ನದವರು ಮಾತು ಪಕ್ಕಾ ಮಾಡಿಕೊಳ್ಳಲು ಬರುತ್ತಾರೆ, ಮತ್ತೆ ಟೆಂಪೋ, ಮತ್ತೆ ‘ನಾಡದ’.

ರೊಟ್ಟಿಗೆ ವೆಬ್‌ಸೈಟ್ ಮಾಡಲು ಈ ಊರಲ್ಲಿ ಯಾರಿದ್ದಾರೆ ಎಂದು ನೀವು ಕೇಳಬಹುದು. ಯಾರೂ ಇರಲಿಲ್ಲ, ಅದಕ್ಕೇ ನಾನಿದ್ದೆ.

ನನ್ನ ತವರು ಹುಮನಾಬಾದ್. ಮದುವೆಯಾದ ಮೇಲೆ ತವರಿಗೆ ಹೋಗಲು ಒಂದು ಗಟ್ಟಿ ಕಾರಣ ಬೇಕಲ್ಲ, ಹಾಗಾಗಿ ಅಲ್ಲಿನ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೆ. ವಾರಕ್ಕೆ ಮೂರು ದಿನ ಬಸ್ಸು, ಬಟ್ಟೆ ಅಂಗಡಿಯ ಮೇಲಿನ ಒಂದು ಕೋಣೆ, ಆಮೇಲೆ ಅವ್ವನ ಕೈ ಊಟ. ಊಟದ ನೆನಪಿನಲ್ಲೇ ಪಾಠ ಕೇಳುತ್ತಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳಲು ಅಡ್ಡಿಯಿಲ್ಲ. ಅಲ್ಲಿನ ಸರ್ ನನಗಿಂತ ಚಿಕ್ಕವರು. ಜಾವಾಸ್ಕ್ರಿಪ್ಟ್ ಶುರುವಾದ ದಿನ ಅವರು ಹೇಳಿದ್ದು ನೆನಪಿದೆ: “ಮೇಡಂ, ನೀವು ಇಲ್ಲೀತನಾ ಕಲಿತದ್ದು ಬರೇ ಗ್ವಾಡಿ ಕಟ್ಟೂದು. ಗ್ವಾಡಿ ಮಾತಾಡಂಗಿಲ್ಲ. ಜಾವಾಸ್ಕ್ರಿಪ್ಟ್ ಅಂದ್ರ ಮನ್ಯಾಗಿನ ಮಂದಿ. ಬಂದವರು ಏನರ ಮಾಡಿದ್ರ ಇವರು ಜವಾಬು ಕೊಡ್ತಾರ.”

ಮನೆಯೊಳಗಿನ ಮಂದಿ! ಈ ಮಾತು ನನ್ನ ತಲೆಯಲ್ಲಿ ಯಾವ ಗಳಿಗೆಯಲ್ಲಿ ಕೂತಿತೋ. ನಮ್ಮ ಕಡೆಯ ಮನೆಯ ಮಂದಿ ಹೇಗಿರುತ್ತಾರೆ ಎಂದು ನಿಮಗೆ ಗೊತ್ತಲ್ಲ. ಬಂದವರನ್ನು ಕೂಡ್ರಿಸಿ, ಹೆಸರು ಕೇಳಿ, ಊರು ಕೇಳಿ, ಆ ಊರಿನಲ್ಲಿ ನಮಗೆ ಗೊತ್ತಿರುವವರೆಲ್ಲ ಅವರಿಗೂ ಗೊತ್ತೇ ಎಂದು ವಿಚಾರಿಸಿ, ಊಟವಾಯಿತೇ ಎಂದು ಕೇಳಿ, ಆಗಿದ್ದರೂ ಬಡಿಸುವವರು. ನಮ್ಮ ಅವ್ವನಂತೂ ಹೊರಟವರನ್ನು ಮೂರು ಕಡೆ ನಿಲ್ಲಿಸುತ್ತಿದ್ದಳು. ಹೊಸ್ತಿಲಲ್ಲಿ ಒಮ್ಮೆ, ಕಟ್ಟೆಯ ಹತ್ತಿರ ಒಮ್ಮೆ, ರಸ್ತೆಗೆ ಇಳಿದ ಮೇಲೆ ಒಮ್ಮೆ. ಇದರ ಮೇಲೆ ನನಗೆ ಕಾನ್ವೆಂಟಿನ ಶಿಸ್ತು ಬೇರೆ. ಬಾಗಿಲು ತಟ್ಟು, ನಮಸ್ಕಾರ ಹೇಳು, ಕ್ಷೇಮ ವಿಚಾರಿಸು, ಆಮೇಲೆ ಬಂದ ಕೆಲಸ ಹೇಳು ಎಂದು ಸಿಸ್ಟರ್ ಕಲಿಸಿದ್ದರು. ಈ ಎರಡೂ ಸಂಸ್ಕಾರಗಳನ್ನು ನಾನು ಮಹಾದೇವಕ್ಕನ ರೊಟ್ಟಿಯ ಪುಟದಲ್ಲಿ ತುಂಬಿದ್ದೆ, ಅದೂ ಶುದ್ಧ ಇಂಗ್ಲಿಷಿನಲ್ಲಿ.

ಪುಟ ತೋರಿಸಿದ ದಿನ ನಮ್ಮ ಮನೆಯವರು, “ನಮ್ಮ ಮನಿಗೆ ಬಂದವರು ಹ್ಯಾಂಗೂ ಲಗೂನ ಹೋಗಂಗಿಲ್ಲ. ಈಗ ಕಂಪ್ಯೂಟರಿಗೂ ಅದನ್ನ ಕಲಿಸಿದಿ?” ಎಂದಿದ್ದರು. ನಾನು ಅದನ್ನು ಹೊಗಳಿಕೆ ಎಂದು ತಿಳಿದು ಅಂದು ರಾತ್ರಿ ಸಿಹಿಗೆಂದು ಸಜ್ಜಕ ಮಾಡಿದ್ದೆ.

ಮೇಡಂ ಪುಟ ನೋಡುವ ಆ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಫೋನ್ ಬಂತು. ಶೈಲಜಾ.

“ಏನ ಮಾಡಿಟ್ಟೀಯೇ ನೀ? ಮೇಡಂ ತೆರೆದ್ರು. ‘ನಿಮ್ಮ ಹೆಸರೇನು’ ಅಂತು. ಬರದ್ರು. ‘ಯಾವ ಊರು’ ಅಂತು. ಬರದ್ರು. ‘ಊಟ ಆಯ್ತೇ’ ಅಂತ ಕೇಳ್ತಲ್ಲೇ! ಅವರು ನನ್ನ ಮುಖಾ ನೋಡಿದ್ರು.”

“ಚಂದ ಅನ್ನಿಸಲಿಲ್ಲೇನು?” ಎಂದೆ, ಇನ್ನೂ ಆಸೆಯಿಂದ.

“ಕೇಳಿಲ್ಲಿ. ಆ ಮೌಸಿನ ಬಾಣದ ಗುರ್ತಿನ ಹಿಂದ ಏಳು ರೊಟ್ಟಿ ಓಡಾಡ್ತಾವ. ಮೇಡಂ ಎಲ್ಲಿ ಒತ್ತಾಕ ಹೋದ್ರೂ ಅಲ್ಲೊಂದು ರೊಟ್ಟಿ ಬಂದು ಅಡ್ಡ ಕೂಡ್ತದ. ಹ್ಯಾಂಗೋ ಆರ್ಡರ್ ಬರಿಯೂ ಜಾಗಾಕ್ಕ ಬಂದು ಫೋನ್ ನಂಬರ್ ಹಾಕಿದ್ರ, ‘ನಿಮ್ಮ ನಂಬರ್ ತಪ್ಪಾಗಿದೆ, ಅಜಾಗರೂಕತೆ ಒಳ್ಳೆಯದಲ್ಲ’ ಅಂತ ಬೈತಲ್ಲೇ! ಹದಿನೈದು ವರ್ಷದಿಂದ ಅದೇ ನಂಬರ್ ಅವರದು. ಸಿಟ್ಟಿಗೆದ್ದು ಮುಚ್ಚಾಕ ಹೋದ್ರ, ‘ಇಷ್ಟು ಬೇಗ ಹೊರಟಿರಾ, ಚಹಾ ಕುಡಿದು ಹೋಗಿ’ ಅಂತ ಪರದೆ ಮ್ಯಾಲ ಮತ್ತೊಂದು ಡಬ್ಬಿ!”

‘ಅಜಾಗರೂಕತೆ’ ಎಂಬುದು ನನ್ನ ಗಣಿತದ ವಹಿಯಲ್ಲಿ ಸಿಸ್ಟರ್ ಕೆಂಪು ಮಸಿಯಲ್ಲಿ ಬರೆಯುತ್ತಿದ್ದ ಮಾತು. ನಂಬರಿನ ತಪ್ಪು ಮಾತ್ರ ಸಂಪೂರ್ಣ ನನ್ನದೇ. ಬಸವಕಲ್ಯಾಣದಲ್ಲಿ ಆಗ ಎಲ್ಲರ ಫೋನ್ ನಂಬರೂ ಆರು ಅಂಕಿ, ಹೈದ್ರಾಬಾದಿನದು ಅದಕ್ಕಿಂತ ಉದ್ದ. ಆದ್ದರಿಂದ ಆರು ಅಂಕಿ ಇರದಿದ್ದರೆ ಆರ್ಡರ್ ಮುಂದೆ ಹೋಗಬಾರದು ಎಂದು ನಾನು ಬಹಳ ಜಾಣತನದಿಂದ ಬರೆದಿದ್ದೆ. ಅಂದರೆ ಜಗತ್ತಿಗೆಲ್ಲ ತೆರೆದಿಟ್ಟ ಆ ಪುಟದಿಂದ ರೊಟ್ಟಿ ತರಿಸಿಕೊಳ್ಳಲು ಸಾಧ್ಯವಿದ್ದದ್ದು ನಮ್ಮ ಊರಿನವರಿಗೆ ಮಾತ್ರ. ನಮ್ಮ ಊರಿನವರೋ, ಗೋಡೆಯಾಚೆಯಿಂದ ಒಂದು ಕೂಗು ಹಾಕಿದರೆ ರೊಟ್ಟಿ ಬರುತ್ತದೆ.

“ನಾಕು ಗಂಟೆಗೆ ಇನ್ನೊಮ್ಮೆ ನೋಡ್ರಿ ಅಂತ ಕೈ ಮುಗದೇನಿ,” ಎಂದಳು ಶೈಲಜಾ. “ಅಷ್ಟರಾಗ ಏನರ ಮಾಡು. ಇಲ್ಲಾಂದ್ರ ಸೊಲ್ಲಾಪುರದವರಿಗೇ ಹೋಗ್ತದ.”

ಫ್ಲಾಪಿ ಹಿಡಿದು ಹೊರಟಾಗ ಮಹಾದೇವಕ್ಕನೂ ಸೆರಗು ಸರಿಮಾಡಿಕೊಂಡು ಬಂದರು. ಬೇಡವೆನ್ನಲು ಬಾಯಿ ಬರಲಿಲ್ಲ. ಬಸ್ ಸ್ಟ್ಯಾಂಡಿನ ಕಡೆ ಇದ್ದ ಇಂಟರ್‌ನೆಟ್ ಅಂಗಡಿಯಲ್ಲಿ ನಾವಿಬ್ಬರೂ ಒಂದೇ ಕಂಪ್ಯೂಟರಿನ ಮುಂದೆ ಕೂತೆವು. ಆವರೆಗೂ ಅವರು ತಮ್ಮ ವೆಬ್‌ಸೈಟನ್ನು ನೋಡಿರಲಿಲ್ಲ. ಬಂದ ಮೊದಲನೆಯ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ. ಅವರು ಪರದೆಗೆ ಕೇಳಿಸುವಷ್ಟು ಜೋರಾಗಿ “ಮಹಾದೇವಿ” ಎಂದರು. ಎರಡನೆಯದಕ್ಕೆ “ಇದ ಊರ, ಬಸವಕಲ್ಯಾಣ.” ಮೂರನೆಯದಕ್ಕೆ “ಊಟ ಆಗೇದ.” ಆಮೇಲೆ ಓಡಾಡುವ ಏಳು ರೊಟ್ಟಿಗಳನ್ನು ಸ್ವಲ್ಪ ಹೊತ್ತು ನೋಡಿ, ನನಗೆ ನೋವಾಗದಂತೆ ದನಿ ತಗ್ಗಿಸಿ ಕೇಳಿದರು:

“ವೈನಿ, ನನ್ನ ರೊಟ್ಟಿ ಒಳಗ ಅದಾವೋ ಇಲ್ಲೋ?”

ಇದ್ದವು. ಕೆಳಗೆ, ಬಹಳ ಕೆಳಗೆ, ಒಂದು ಸಣ್ಣ ಫೋಟೋದಲ್ಲಿ.

“ನಿಮ್ಮ ಹತ್ರ ಗಿರಾಕಿ ಬಂದ್ರ ಮೊದಲ ಏನ ಕೇಳ್ತೀರಿ ಅಕ್ಕ?” ಎಂದೆ. ಅದು ಪಾಠ ಕೇಳುವ ಪ್ರಶ್ನೆಯಾಗಿರಲಿಲ್ಲ, ಗಾಬರಿಯಲ್ಲಿ ಏನಾದರೂ ಮಾತಾಡಬೇಕಿತ್ತು.

“ನಾ ಏನೂ ಕೇಳಂಗಿಲ್ರಿ. ಒಂದ ರೊಟ್ಟಿ ಮುರದ ಕೈಯಾಗ ಕೊಡ್ತೀನಿ. ಅವರು ಜಗಿಯೂತನಾ ಸುಮ್ಮ ಕೂಡ್ತೀನಿ. ಆಮ್ಯಾಲ ಮಂದಿ ಎಷ್ಟ ಅಂತ ಕೇಳ್ತೀನಿ. ಎಷ್ಟ ರೊಟ್ಟಿ ಬೇಕನ್ನೂದು ಪಾಪ ಅವರಿಗೇನ ತಿಳೀತದ? ಅದು ನಾ ಹೇಳ್ತೀನಿ.”

ಹುಮನಾಬಾದಿನ ಆ ಕೋಣೆಯಲ್ಲಿ ಆರು ತಿಂಗಳು ಕೂತು ನಾನು ಕಲಿಯದೇ ಇದ್ದದ್ದು ಇದು. ಮನೆಯ ಮಂದಿಯೆಂದರೆ ನಮ್ಮ ಅವ್ವನಂಥವರು ಮಾತ್ರ ಎಂದುಕೊಂಡಿದ್ದೆ. ಮುರಿದ ರೊಟ್ಟಿ ಕೈಗಿಟ್ಟು ಸುಮ್ಮನೆ ಕೂಡುವವರೂ ಇರುತ್ತಾರೆ, ಬಂದವರಿಗೆ ಲೆಕ್ಕ ಹತ್ತದಿದ್ದಾಗ ಮಾತ್ರ ಬಾಯಿ ಬಿಡುತ್ತಾರೆ.

ಅಳಿಸಲು ಶುರುಮಾಡಿದೆ. ಹೆಸರು ಕೇಳುವ ಡಬ್ಬಿ ಹೋಯಿತು, ಊರು ಹೋಯಿತು, ಊಟ ಹೋಯಿತು. ಏಳು ರೊಟ್ಟಿಗಳೂ ಹೋದವು. ಅವುಗಳನ್ನು ಸಾಲಾಗಿ ಓಡಿಸಲು ನಾನು ಎರಡು ವಾರ ಒದ್ದಾಡಿದ್ದೆ. ಚಹಾಕ್ಕೆ ಕರೆಯುವ ಡಬ್ಬಿಯನ್ನಂತೂ ಅವ್ವನ ಬಾಯಿ ಮುಚ್ಚಿದಷ್ಟು ಸಂಕಟದಿಂದ ತೆಗೆದೆ.

ಪುಟ ಬರಿದಾಯಿತು. ಈಗ ರೊಟ್ಟಿಯ ಫೋಟೋವನ್ನು ಮೇಲೆ ತಂದಿಟ್ಟೆ. ಅದನ್ನು ಒತ್ತಿದರೆ, ಫ್ಲಾಪಿಯಲ್ಲಿದ್ದ ಇನ್ನೊಂದು ಫೋಟೋ ಬಂದು, ಅದೇ ರೊಟ್ಟಿ ಮುರಿದು ಕಾಣಬೇಕು, ಒಳಗಿನ ಎಳ್ಳು, ತೆಳುವು ಎಲ್ಲ ತಿಳಿಯಬೇಕು. ಅದರ ಕೆಳಗೆ ಒಂದೇ ಪ್ರಶ್ನೆ: ಉಣ್ಣುವವರು ಎಷ್ಟು ಮಂದಿ? ಅಲ್ಲಿ ಸಂಖ್ಯೆ ಬರೆದರೆ ಪಕ್ಕದಲ್ಲೇ ಇಷ್ಟು ರೊಟ್ಟಿ ಎಂದು ಮೂಡಬೇಕು, ಬದಲಿಸಿದರೆ ಬದಲಾಗಬೇಕು. ಲೆಕ್ಕ ಹೇಳಲು ಮಹಾದೇವಕ್ಕ ಪಕ್ಕದಲ್ಲೇ ಇದ್ದರಲ್ಲ.

“ಹುಡುಗ್ಯಾರಂದ್ರ ಒಬ್ಬಾಕಿಗೆ ಎರಡ ಹಿಡೀರಿ. ಪರೀಕ್ಷಾ ಬಂತಂದ್ರ ಮೂರು.”

“ಪರೀಕ್ಷಾಕ್ಕ ಯಾಕ ಹೆಚ್ಚಿಗಿ?”

“ಓದೂದ ತಪ್ಪಸಾಕ ತಿಂತಾರ್ರಿ. ನಮ್ಮ ಶರಣಿನ್ನ ನೋಡಿಲ್ಲೇನ್ರಿ? ಮತ್ತ ಬಸ್ಸಿನಾಗ ನಾಕ ಮುರೀತಾವ, ಅವನ್ನ ಮ್ಯಾಲ ಹಾಕ್ರಿ. ಅದಕ್ಕ ರೊಕ್ಕ ಹಿಡಿಯೂದು ಬ್ಯಾಡ.”

‘ಪರೀಕ್ಷೆಯ ವಾರವೇ?’ ಎಂದು ಒಂದು ಗುರುತಿನ ಚೌಕ ಇಟ್ಟೆ, ಒತ್ತಿದರೆ ರೊಟ್ಟಿ ಹೆಚ್ಚಾಗುವಂತೆ. ಫೋನ್ ನಂಬರಿಗೆ ಆರು ಅಂಕಿಯ ಪಹರೆ ತೆಗೆದೆ. ಯಾರಾದರೂ ಬರೆಯಲು ಮರೆತರೆ ಬೈಗುಳದ ಬದಲು ಅಲ್ಲೇ ಪಕ್ಕದಲ್ಲಿ, ‘ನಂಬರ್ ಇದ್ದರೆ ರೊಟ್ಟಿ ಯಾವ ಬಸ್ಸಿಗೆ ಹಾಕಿದೆವು ಎಂದು ತಿಳಿಸುತ್ತೇವೆ’ ಎಂಬ ಒಂದು ಸಾಲು ಬರುವಂತೆ ಮಾಡಿದೆ. ಪುಟವನ್ನು ಇಂಟರ್‌ನೆಟ್ಟಿಗೆ ಏರಿಸಿದಾಗ ನಾಲ್ಕಕ್ಕೆ ಐದು ನಿಮಿಷ.

ಇವತ್ತು ನನ್ನ ಫೋನಿನಲ್ಲಿ ಯಾವುದಾದರೂ ಪುಟ ತೆರೆದ ಕೂಡಲೇ ನೀವೆಲ್ಲಿದ್ದೀರಿ, ಸುದ್ದಿ ಕಳಿಸಲೇ, ಹೋಗುವ ಮುಂಚೆ ಇದೊಂದು ನೋಡಿ ಎಂದು ಡಬ್ಬಿಗಳು ಎದ್ದು ನಿಂತರೆ ಮನೆಯಲ್ಲಿ ಎಲ್ಲರೂ ಸಿಡಿಮಿಡಿಗೊಳ್ಳುತ್ತಾರೆ. ನಾನು ಮಾತ್ರ ಅದನ್ನು ಮೆಲ್ಲಗೆ ಮುಚ್ಚುತ್ತೇನೆ. ಎಲ್ಲೋ ಒಬ್ಬರು ಎರಡು ವಾರ ಒದ್ದಾಡಿ ಅದನ್ನು ಮಾಡಿದ್ದಾರೆ, ಅವರ ಮಗ್ಗುಲಲ್ಲಿ ಒಬ್ಬ ಮಹಾದೇವಕ್ಕ ಕೂತಿರಲಿಲ್ಲ, ಅಷ್ಟೇ.

ನಾಲ್ಕು ದಾಟಿತು. ನಾಲ್ಕೂಕಾಲೂ ದಾಟಿತು. ನಾನು ಮೇಲ್ ತೆರೆಯುವುದು, ಮುಚ್ಚುವುದು ಮಾಡುತ್ತಿದ್ದೆ. ಮಹಾದೇವಕ್ಕ ಉಗುರಿನ ಸಂದಿಯ ಹಿಟ್ಟು ತೆಗೆಯುತ್ತ ಕೂತಿದ್ದರು. ನಾಲ್ಕೂವರೆಯ ಸುಮಾರಿಗೆ ಒಂದು ಪತ್ರ ಬಂತು. ಮೇಡಂ ಹೆಸರು, ಹುಡುಗಿಯರ ಸಂಖ್ಯೆ, ಪುಟವೇ ಲೆಕ್ಕ ಹಾಕಿಕೊಟ್ಟ ರೊಟ್ಟಿಯ ಸಂಖ್ಯೆ, ಪೂರ್ತಿ ಅಂಕಿಗಳ ಫೋನ್ ನಂಬರ್. ಪರೀಕ್ಷೆಯ ಚೌಕ ಒತ್ತಿತ್ತು. ಕೆಳಗೆ ಅವರೇ ಬರೆದ ಒಂದು ಸಾಲು: ‘ಪ್ರತಿ ವಾರ. ಪರೀಕ್ಷೆಯ ಬಗ್ಗೆ ನಿಮಗೆ ಹೇಗೆ ಗೊತ್ತು?’

ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಅಂಗಡಿಯವರು ಏನಾಯಿತೋ ಎಂದು ಓಡಿಬಂದರು. ಮಹಾದೇವಕ್ಕ ಮಾತ್ರ ಕೂತಲ್ಲೇ ಕೂತು, “ಪ್ರತಿ ವಾರಾ ಅಂತ ಖರೇನ ಬರದಾರೇನ್ರಿ? ಇನ್ನೊಮ್ಮೆ ಓದ್ರಿ” ಎಂದರು. ಓದಿದೆ. ಮೂರನೆಯ ಸಲವೂ ಓದಿಸಿದರು. ಆಮೇಲೆ “ಹಂಗಾರ ಜ್ವಾಳ ಹಸನ ಮಾಡಬೇಕು” ಎಂದು ಸೆರಗು ಬಿಗಿದು, ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದರು.

ಸಂಜೆ ಕೊಹಿನೂರದವರು ಬಂದರು. ನಾನು ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಅಂಗಳದಲ್ಲೇ ಇದ್ದೆ. ಈ ಸಲ ಆಗೂದಿಲ್ರಿ, ಬ್ಯಾರೆಯವರನ್ನ ನೋಡ್ರಿ ಎಂದು ಮಹಾದೇವಕ್ಕ ಬಾಗಿಲಲ್ಲೇ ಹೇಳಿದ್ದು ಕೇಳಿಸಿತು. ಅವರು ಹೋದ ಮೇಲೆ ಮೊರದ ತುಂಬ ಜೋಳ ಹಿಡಿದುಕೊಂಡು ಗೋಡೆಯ ಹತ್ತಿರ ಬಂದರು. ಒಳಗೆ ನಮ್ಮ ಅಡುಗೆಮನೆಯಲ್ಲಿ ಶರಣಮ್ಮ ತಾಟಿನ ಮುಂದೆ ಕೂತಿದ್ದಳು. ಏನಾದರೂ ದೊಡ್ಡ ಮಾತು ಆಡುತ್ತಾರೇನೋ, ನಾನು ಬೇಡ ಬೇಡ ಎನ್ನಬೇಕಾಗುತ್ತದೇನೋ ಎಂದು ಮುಖವನ್ನು ವಿನಯಕ್ಕೆ ಸಿದ್ಧಮಾಡಿಕೊಂಡೆ. ಅವರು ಜೋಳದೊಳಗಿನ ಒಂದು ಹರಳನ್ನು ಆರಿಸಿ ಎಸೆಯುತ್ತ, ನನ್ನ ಕಡೆ ನೋಡದೆಯೇ ಹೇಳಿದರು:

“ಹುಡುಗಿ ನಿಮ್ಮಲ್ಲೇ ಉಣ್ಣಾಕತ್ತಾಳೇನ್ರಿ ವೈನಿ? ಉಣ್ಣಲಿ ಬಿಡ್ರಿ. ಮಲಗಾಕ ಮಾತ್ರ ಮನಿಗೆ ಕಳಸ್ರಿ.”