ಕಾಂಡಕೊರಕದ ಪಾಠ ಕಟ್ಟಿದ ಸುಚಿತ್ರಾ

ಹೆತ್ತೂರಿನ ಬೆಳೆಗಾರರ ಸಂಘವೊಂದರಲ್ಲಿ ತೋಟದ ಕೆಲಸದವರಿಗೆ ತರಬೇತಿ ಕೊಡುವ ಸುಚಿತ್ರಾ ಮಾತಿಗೆ ನಿಂತರೆ ನಲವತ್ತು ಜನ ಗಪ್‌ಚಿಪ್ ಆಗುತ್ತಾರೆ. ಹುಟ್ಟಿದ್ದು ಮಗ್ಗೆಯಲ್ಲಿ, ಸೊಸೆಯಾಗಿ ಬಂದದ್ದು ಹೊಂಗಡಹಳ್ಳಕ್ಕೆ. ಮೂವತ್ತೇಳರ ವಯಸ್ಸಿನಲ್ಲಿ ದೂರಶಿಕ್ಷಣದ ಎಂ.ಎ.ಗೆ ಸೇರಿದಾಗ ಅವಳಿಗೆ ಅಳುಕೇ ಇರಲಿಲ್ಲ. ಪಾಠವನ್ನು ವಿನ್ಯಾಸ ಮಾಡುವುದು ಹೇಗೆಂದು ಕಲಿಸುವ ಕೋರ್ಸು ಅದು. ದಿನಾ ಪಾಠ ಹೇಳುವವಳಿಗೆ ಅದೇನು ಮಹಾ ಎಂದುಕೊಂಡಳು. ಮೂರು ಸೆಮಿಸ್ಟರ್ ಸಲೀಸಾಗಿಯೇ ಮುಗಿಯಿತು. ನಾಲ್ಕನೆಯದರಲ್ಲಿ ಪ್ರಾಜೆಕ್ಟ್ ಬಂತು.

ಒಂದು ಪಾಠ ಕಟ್ಟಬೇಕು, ಕಲಿಯುವವರ ಮುಂದಿಟ್ಟು ಪರೀಕ್ಷಿಸಬೇಕು, ತಿದ್ದಬೇಕು, ವರದಿ ಬರೆಯಬೇಕು. ಸುಚಿತ್ರಾ ಆರಿಸಿಕೊಂಡದ್ದು ಕಾಂಡಕೊರಕ. ಅರೇಬಿಕಾ ಕಾಫಿ ಗಿಡದ ಕಾಂಡ ಹೊಕ್ಕು ಒಳಗೊಳಗೇ ತಿನ್ನುವ ಹುಳು ಅದು. ಹುಳು ಬಿದ್ದ ಗಿಡವನ್ನು ಬೇಗ ಪತ್ತೆಹಚ್ಚಿ ಕಿತ್ತು ಸುಡದಿದ್ದರೆ ಅಕ್ಕಪಕ್ಕದ್ದೂ ಹೋಗುತ್ತದೆ. ಹೊಸದಾಗಿ ಕೆಲಸಕ್ಕೆ ಬಂದ ಹೆಂಗಸರಿಗೆ ಆ ಪತ್ತೆ ಕಲಿಸುವುದು ಅವಳ ಗುರಿ. ಫೋನಿನಲ್ಲಿ ನೋಡುವ ಹಾಗೆ ಚಿತ್ರ, ಧ್ವನಿ, ಪ್ರಶ್ನೆ ಎಲ್ಲ ಸೇರಿಸಿ ಹನ್ನೆರಡು ಪಾಠ ಮಾಡಿದಳು.

ಫೆಬ್ರವರಿ ಕೊನೆಯಲ್ಲಿ ಒಂಬತ್ತು ಹೆಂಗಸರಿಗೆ ಪಾಠ ತೋರಿಸಿ ತೋಟಕ್ಕೆ ಕರೆದೊಯ್ದಳು. ಇಪ್ಪತ್ತು ಗಿಡಗಳ ಸಾಲು, ಅದರಲ್ಲಿ ಆರಕ್ಕೆ ಹುಳು ಬಿದ್ದಿತ್ತು. ಹೆಂಗಸರು ಹಿಡಿದದ್ದು ಒಂದನ್ನು. ಜೊತೆಗೆ ನಾಲ್ಕು ಒಳ್ಳೆಯ ಗಿಡಗಳಿಗೆ ಸುಣ್ಣದ ಗುರುತು ಹಾಕಿಬಿಟ್ಟರು. ಕೀಳಿಸಿದ್ದರೆ ನಾಲ್ಕೂ ದಂಡವಾಗುತ್ತಿದ್ದವು.

ಆ ವಾರವೆಲ್ಲ ಅವಳು ಸರಿಯಾಗಿ ಉಣ್ಣಲಿಲ್ಲ. ಮಗಳು ಕೃತಿಕಾ ಏನೋ ಕೇಳಿದರೆ ಇನ್ನೇನೋ ಉತ್ತರ. ಒಂದು ಬೆಳಿಗ್ಗೆ ಸಕಲೇಶಪುರದ ಬಸ್ಸಿನಲ್ಲಿ ಕೂತಿದ್ದವಳಿಗೆ ಎದೆ ಡವಗುಟ್ಟಿ, ಬೆರಳುಗಳು ಜುಮ್ಮೆಂದು, ಉಸಿರೇ ಸಿಕ್ಕಲಿಲ್ಲ. ಹೃದಯವೇ ಕೈಕೊಟ್ಟಿತು ಎಂದು ಹೆದರಿ, ಬಸ್ಸಿಳಿದವಳೇ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಇಸಿಜಿ ತೆಗೆಸಿ ನೋಡಿ, "ಹೃದಯ ಗಟ್ಟಿಯಾಗಿದೆ. ತಲೆ ಮೇಲೆ ಏನು ಹೊತ್ಕೊಂಡಿದ್ದೀರಿ, ಅದನ್ನ ಹೇಳಿ" ಅಂದರು. ಸುಚಿತ್ರಾ ಅತ್ತುಬಿಟ್ಟಳು.

ಮನೆಗೆ ಬಂದು ಗಂಡನಿಗೆ, "ಬುಟ್ಬುಡ್ತೀನಿ ಕಣ್ರೀ. ನನ್ ಕೈಲಾಗಲ್ಲ" ಅಂದಳು.

ಪಿಕಪ್ ಓಡಿಸುವ ಧರ್ಮ ಹೆಚ್ಚು ಮಾತಿನವನಲ್ಲ. "ಬಿಡೋದಾದ್ರೆ ನಾಳೆನೂ ಬಿಡ್ಬೋದು. ಇವತ್ತು ಆ ಮೇಷ್ಟ್ರಿಗೊಂದು ಫೋನ್ ಮಾಡು" ಅಂದ.

ಮೇಷ್ಟ್ರೆಂದರೆ ಪ್ರಾಜೆಕ್ಟಿನ ಮಾರ್ಗದರ್ಶಕ ಶ್ರೀನಾಥ್. ಎಲ್ಲ ಕೇಳಿಸಿಕೊಂಡು ಅವರು ಅಂದದ್ದು ಒಂದೇ ಮಾತು: "ಹನ್ನೆರಡು ಪಾಠ ಮಾಡಿ ಅಂತ ನಾನು ಹೇಳಿದ್ನಾ? ಒಂದು ಸಾಕು ಅಂತಲೇ ನಿಯಮದಲ್ಲಿ ಇರೋದು."

ಸುಚಿತ್ರಾ ಆ ಸಂಜೆ ಹನ್ನೊಂದು ಪಾಠಗಳನ್ನು ಬೇರೆ ಫೋಲ್ಡರಿಗೆ ಸರಿಸಿದಳು. ಎರಡು ತಿಂಗಳ ದುಡಿಮೆ. ಆದರೂ ಬೆನ್ನು ಹಗುರವಾಯಿತು. ಸಂಜೆ ಆರರ ಮೇಲೆ ಲ್ಯಾಪ್‌ಟಾಪ್ ಮುಟ್ಟುವುದಿಲ್ಲ, ಉಣ್ಣುವಾಗ ಪ್ರಾಜೆಕ್ಟಿನ ಮಾತಿಲ್ಲ ಎಂದು ಗೊತ್ತುಮಾಡಿಕೊಂಡಳು. ಎರಡು ಸಲ ತಪ್ಪಿದಳು. ಎರಡು ಸಲವೂ ಕೃತಿಕಾ ಲ್ಯಾಪ್‌ಟಾಪ್ ಮುಚ್ಚಿ ಎತ್ತಿಕೊಂಡು ಹೋದಳು.

ಉಳಿದ ಒಂದು ಪಾಠ ಯಾಕೆ ಸೋತಿತು ಎಂಬುದು ಮಾತ್ರ ಗೊತ್ತಾಗಿರಲಿಲ್ಲ. ಅದನ್ನು ತಿಳಿಯಲು ಅವಳು ಈರಮ್ಮನ ಬಳಿ ಹೋದಳು. ಈರಮ್ಮ ತೋಟದ ಕೆಲಸ ಮಾಡುತ್ತ, ಕೆಲಸದವರ ಸಾಲುಮನೆಗಳಿರುವ ಎಸ್ಟೇಟ್ ಲೈನಿನಲ್ಲೇ ಇಪ್ಪತ್ತೆಂಟು ವರ್ಷ ಕಳೆದಾಕೆ. ಕಾಂಡಕೊರಕ ಹುಡುಕುವುದರಲ್ಲಿ ಎತ್ತಿದ ಕೈ. ಒಂದು ವಾರ ಬೆಳಿಗ್ಗೆ ಸುಚಿತ್ರಾ ಅವಳ ಹಿಂದೆಯೇ ಸಾಲು ಸಾಲು ತಿರುಗಿದಳು. ಈರಮ್ಮ ಎಲೆಯ ಕಡೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಬಗ್ಗಿ, ಹೆಬ್ಬೆರಳನ್ನು ಕಾಂಡದ ಮೇಲೆ ಬುಡದಿಂದ ಮೇಲಕ್ಕೆ ಒತ್ತಿ ಎಳೆಯುತ್ತಿದ್ದಳು.

"ಎಲೆ ಹಳದಿ ಆಗೋ ಹೊತ್ಗೆ ಹುಳ ಉಂಡು ಮುಗಿಸ್ಬುಟ್ಟಿರ್ತೈತೆ ಕಣವ್ವ. ಇಲ್ಲಿ ಮುಟ್ಟು, ಏಣು ಸಿಗ್ತೈತೆ" ಎಂದು ಸುಚಿತ್ರಾಳ ಕೈ ಹಿಡಿದು ತೊಗಟೆಯ ಮೇಲಿಟ್ಟಳು. ತೊಗಟೆಯಡಿಯ ಉಬ್ಬು ದಾರದಷ್ಟು ಸಣ್ಣದಾಗಿ ಬೆರಳಿಗೆ ತಾಕಿತು.

ತನ್ನ ಪಾಠ ಹಳದಿ ಎಲೆಯ ಚಿತ್ರದಿಂದ ಶುರುವಾಗುತ್ತಿತ್ತಲ್ಲ ಎಂದು ಸುಚಿತ್ರಾಗೆ ಹೊಳೆದದ್ದು ಆಗ. ಪಾಠವನ್ನು ತಲೆಕೆಳಗು ಮಾಡಿದಳು. ಮೊದಲು ಕಣ್ಣು ಮುಚ್ಚಿ ಕಾಂಡ ಮುಟ್ಟುವುದು, ಆಮೇಲೆ ಸೀಳಿದ ಕಾಂಡದಲ್ಲಿ ಹುಳು ಕೊರೆದ ದಾರಿ ನೋಡುವುದು, ಫೋನಿನ ಚಿತ್ರ ಎಲ್ಲಕ್ಕಿಂತ ಕೊನೆಗೆ.

ಮಾರ್ಚ್ ಕೊನೆಯಲ್ಲಿ ಅದೇ ಹೆಂಗಸರನ್ನು ಬೇರೆ ಇಪ್ಪತ್ತು ಗಿಡಗಳ ಮುಂದೆ ನಿಲ್ಲಿಸಿದಳು. ಸುಚಿತ್ರಾ ಮೊದಲೇ ನೋಡಿ ಬರೆದಿಟ್ಟುಕೊಂಡ ಪ್ರಕಾರ ಅಲ್ಲೂ ಆರಕ್ಕೆ ಹುಳು, ಹೆಂಗಸರು ಐದನ್ನು ಹಿಡಿದರು. ಅವಳ ಪಟ್ಟಿಯಲ್ಲಿ ಒಳ್ಳೆಯದೆಂದಿದ್ದ ಒಂದು ಗಿಡಕ್ಕೂ ಗುರುತು ಹಾಕಿದ್ದರು. ಸುಚಿತ್ರಾ ಅದನ್ನು ತಪ್ಪೆಂದು ಬರೆದುಕೊಳ್ಳುವಷ್ಟರಲ್ಲಿ ಈರಮ್ಮ ಬಂದು ಕಾಂಡ ಸವರಿ, "ಇವ್ರ್‌ದಲ್ಲ ತಪ್ಪು, ನಿಂದು" ಅಂದಳು. ಕತ್ತಿಯಲ್ಲಿ ಸೀಳಿದರೆ ಬಿಳಿಯ ಹುಳು ಒಳಗೆ ಹೊರಳುತ್ತಿತ್ತು. ಒಂಬತ್ತು ಹೆಂಗಸರೂ ಹೋ ಎಂದು ನಕ್ಕರು. ತಿಂಗಳ ಹಿಂದೆ ಆಗಿದ್ದರೆ ಸುಚಿತ್ರಾ ನೆಲಕ್ಕೆ ಕುಸಿಯುತ್ತಿದ್ದಳೇನೋ. ಅಂದು ಅವಳೂ ನಕ್ಕಳು.

ಅದನ್ನು ವರದಿಯಲ್ಲಿ ಮುಚ್ಚಿಡಲಿಲ್ಲ. ಪಾಠ ಕಟ್ಟಿದವಳ ಉತ್ತರವೇ ತಪ್ಪಾಗಿತ್ತು, ಕಲಿತವರು ಸರಿಯಿದ್ದರು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದಳು. ಮೌಖಿಕ ಪರೀಕ್ಷೆಯ ದಿನ ಮತ್ತೆ ಎದೆ ಡವಗುಟ್ಟಿತು. ಈ ಸಲ ಅದೇನೆಂದು ಗೊತ್ತಿದ್ದರಿಂದ ನಿಧಾನವಾಗಿ ಉಸಿರು ಬಿಟ್ಟು, ಒಂದು ಲೋಟ ನೀರು ಕುಡಿದು ಒಳಗೆ ಹೋದಳು.

ವರದಿಯಲ್ಲಿ ವಿಷಯತಜ್ಞರ ಹೆಸರು, ವಿದ್ಯಾರ್ಹತೆ ಬರೆಯುವ ಜಾಗದಲ್ಲಿ ಪರೀಕ್ಷಕರ ಬೆರಳು ನಿಂತಿತು. "ಈರಮ್ಮ, ಇಪ್ಪತ್ತೆಂಟು ವರ್ಷ ಕಾಫಿ ತೋಟ. ಇಷ್ಟೇನಾ?"

"ಇಷ್ಟೇ ಸರ್. ನನ್ನ ತಪ್ಪು ಕಂಡುಹಿಡಿದದ್ದು ಅವರೇ" ಅಂದಳು ಸುಚಿತ್ರಾ.

ಅಂಕ ನೂರಕ್ಕೆ ಅರವತ್ತೆಂಟು. ವರದಿಯ ಭಾಷೆಗೂ ಉಲ್ಲೇಖಗಳಿಗೂ ಕತ್ತರಿ ಬಿದ್ದಿತ್ತು. ಅವಳಿಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಸಂಘದವರು ಆ ಒಂದು ಪಾಠವನ್ನು ಇನ್ನೂ ನಾಲ್ಕು ತೋಟಗಳಿಗೆ ಕೇಳಿದರು. ಮೊದಲ ತೋಟಕ್ಕೆ ಸುಚಿತ್ರಾ, ಈರಮ್ಮ ಇಬ್ಬರೂ ಧರ್ಮನ ಪಿಕಪ್‌ನಲ್ಲಿ ಹೋದರು. ದಾರಿಯುದ್ದಕ್ಕೂ ಯಾರು ಮೊದಲು ಮಾತಾಡಬೇಕೆಂದು ಜಗಳವಾಡಿ, ಕೊನೆಗೆ ಈರಮ್ಮನೇ ಗೆದ್ದಳು.