ನಕಾಶೆಗೆ ಬಡಿಸಿದ ಚುಕ್ಕೆಗಳು

ನನ್ನ ತಂಗಿ ಸರ್ಕಾರದ ಯೋಜನೆ ಹಾಕುವ ಕೆಲಸದಲ್ಲಿದ್ದಾಳೆ ಎಂದು ಸಿಡ್ನಿಯ ನಮ್ಮ ಬಡಾವಣೆ ಗಿರಾವೀನ್‌ನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಎಂಥ ಯೋಜನೆ ಎಂದು ಯಾರಾದರೂ ಕೇಳಿದರೆ ಮಾತ್ರ ತಡವರಿಸುತ್ತಿದ್ದೆ. ಮೆಲ್ಬರ್ನ್‌ನಿಂದ ಹಡಗಿನಲ್ಲಿ ಹೋಗುವ ಟಾಸ್ಮೇನಿಯಾ ಎಂಬ ದ್ವೀಪ ರಾಜ್ಯವಿದೆಯಲ್ಲ, ಅದರ ಅಭಿವೃದ್ಧಿ ನೋಡಿಕೊಳ್ಳುವ ಕಚೇರಿಯೊಂದರ ಸಣ್ಣ ಶಾಖೆ ಮೆಲ್ಬರ್ನ್‌ನಲ್ಲಿತ್ತು. ತಂಗಿ ಆ ಊರಂಚಿನ ವೆರಿಬೀಯಲ್ಲಿ ರೂಮ್ ಮಾಡಿಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಕೆಲಸ ಕಾಯಂ ಆಗಿರಲಿಲ್ಲ. ಕೈಗೆ ಕೊಟ್ಟಿದ್ದ ಮೊದಲ ಯೋಜನೆ ಸರಿಯಾಗಿ ಮುಗಿದರೆ ಕಾಯಂ, ಕಾಯಂ ಆದರೆ ಪಿಆರ್, ಅಂದರೆ ಈ ದೇಶದಲ್ಲೇ ನೆಲೆಸುವ ಪರವಾನಗಿ. ಇಷ್ಟು ನನಗೂ ತಿಳಿಯುತ್ತಿತ್ತು. ಆ ಯೋಜನೆಯನ್ನು ಕೆಡಿಸಿದವನು ನಾನು.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ತುಮಕೂರಿನ ಛತ್ರಗಳಲ್ಲಿ ಮದುವೆ ಊಟ ಬಡಿಸುತ್ತ ಅಡುಗೆ ಕಲಿತೆ. ಆ ಅಡುಗೆಯೇ ನನ್ನನ್ನು ಪ್ಯಾರಮಟ್ಟಾ ಹತ್ತಿರದ ಒಂದು ಹೋಟೆಲಿಗೆ ತಂದಿತು.

ಒಂದು ಶನಿವಾರ ತಂಗಿ ಚಾಪೆಯ ಹಾಗೆ ಸುತ್ತಿದ ದೊಡ್ಡ ನಕಾಶೆಯೊಂದನ್ನು ಹೊತ್ತು ಸಿಡ್ನಿಗೆ ಬಂದಳು. ನಮ್ಮ ಮನೆ ಹತ್ತಿರದ ಹಾಲ್ ಬುಕ್ ಮಾಡಿದ್ದಳು. ಆ ದ್ವೀಪ ಬಿಟ್ಟು ಬಂದು ಸಿಡ್ನಿಯಲ್ಲಿ ನೆಲೆಸಿದವರನ್ನು ಕರೆಸಿ, ಅಲ್ಲಿ ಏನೇನು ಬೇಕು ಎಂದು ಕೇಳುವ ಸಭೆಯಂತೆ.

"ಬಿಟ್ಟು ಬಂದವರನ್ನ ಯಾಕೆ ಕೇಳ್ತೀರ? ಅಲ್ಲಿ ಇರೋರನ್ನ ಕೇಳಬಾರ್ದಾ?" ಎಂದೆ.

"ಅವರನ್ನೂ ಕೇಳ್ತೀವಿ ಕಣಣ್ಣ. ಬಿಟ್ಟು ಬಂದೋರು ಅಲ್ಲಿ ಏನು ಇಲ್ದೆ ಬಿಟ್ಟು ಬಂದ್ವಿ ಅಂತ ನೇರವಾಗಿ ಹೇಳ್ತಾರೆ. ನೀನು ಟೀ ನೋಡ್ಕೊ, ಅಷ್ಟು ಸಾಕು."

ಬಂದವರಿಗೆಲ್ಲ ಬಣ್ಣದ ಚುಕ್ಕೆಗಳ ಹಾಳೆ ಕೊಟ್ಟಳು. ನೀಲಿ ಎಂದರೆ ದೋಣಿಕಟ್ಟೆ, ಹಸಿರು ಎಂದರೆ ಶಾಲೆ, ಕೆಂಪು ಎಂದರೆ ಡಾಕ್ಟರು. ನಕಾಶೆಯಲ್ಲಿ ಎಲ್ಲಿ ಏನು ಬೇಕೋ ಅಲ್ಲಿ ಅಂಟಿಸುವುದು. ಆಮೇಲೆ ಕಚೇರಿಯವರು ಅವನ್ನು ಎಣಿಸಿ, ರಸ್ತೆಯವರನ್ನು, ಆಸ್ಪತ್ರೆಯವರನ್ನು ಕೂರಿಸಿಕೊಂಡು ಯಾವುದು ಮೊದಲು ಯಾವುದು ಆಮೇಲೆ ಎಂದು ಸಾಲು ಹಚ್ಚಿ, ಕರಡು ಮಾಡಿ ಮತ್ತೆ ಜನರ ಮುಂದೆ ಇಡುತ್ತಾರೆ. ದೇಶ ಕಟ್ಟುವ ಕೆಲಸ ಶುರುವಾಗುವುದು ಮಕ್ಕಳು ಪುಸ್ತಕಕ್ಕೆ ಹಚ್ಚುವಂಥ ಚುಕ್ಕೆಯಿಂದ ಎಂದರೆ ನನಗೆ ನಂಬಿಕೆಯೇ ಬರಲಿಲ್ಲ.

ಟೀ ಕೊಡುವಾಗ ಒಬ್ಬ ಅಜ್ಜಿ ಮಾತಿಗೆ ಸಿಕ್ಕಳು. ದೊಡ್ಡ ದ್ವೀಪದ ಬಡಗಣ ಸಮುದ್ರದಲ್ಲಿ ಕಾಳಿನಷ್ಟು ಕಾಣುವ ಒಂದು ಪುಟ್ಟ ದ್ವೀಪ ಅವಳ ಊರು.

"ಗಾಳಿ ಎದ್ದರೆ ನಮ್ಮಲ್ಲಿ ದೋಣಿ ನಿಲ್ಲಲ್ಲ. ಹೆಂಡ್ತಿ ಜೊತೆ ಜಗಳ ಆಡಿದ ಗಂಡಸೂ ಮನೇಲೇ ಇರಬೇಕು," ಎಂದು ನಕ್ಕಳು. ಅವಳು ಅಲ್ಲೊಂದು ನೀಲಿ ಚುಕ್ಕೆ ಅಂಟಿಸಿದ್ದನ್ನು ಕಣ್ಣಾರೆ ನೋಡಿದೆ.

ಸಭೆ ಮುಗಿದು ತಂಗಿ ಜನರನ್ನು ಬೀಳ್ಕೊಡಲು ಕಾರುಗಳ ಹತ್ತಿರ ಹೋದಳು. ಹಾಲಿನಲ್ಲಿ ನಾನೊಬ್ಬನೇ. ನಕಾಶೆಯಲ್ಲಿ ಪೇಟೆಗಳ ಮೇಲೆಲ್ಲ ಚುಕ್ಕೆಗಳ ರಾಶಿ. ಅಂಚಿನ ಊರುಗಳು, ಪುಟ್ಟ ದ್ವೀಪಗಳು ಬೋಳು ಬೋಳು. ಮೇಜಿನ ಮೇಲೆ ಚುಕ್ಕೆಯ ಹಾಳೆಗಳು ಬೇಕಾದಷ್ಟು ಮಿಕ್ಕಿದ್ದವು.

ಛತ್ರದಲ್ಲಿ ನಾನು ಕಲಿತದ್ದು ಒಂದೇ ಪಾಠ. ಎಲೆಯ ಯಾವ ಮೂಲೆಯೂ ಖಾಲಿ ಕಾಣಬಾರದು. ಪಂಕ್ತಿಯ ಕೊನೆಯಲ್ಲಿ ಕೂತವರಿಗೆ ಪಲ್ಯ ಮುಟ್ಟದಿದ್ದರೆ ಬೈಗುಳ ಬಡಿಸುವವನಿಗೇ. ಆ ಬೋಳು ನಕಾಶೆ ನೋಡಿ, ಇದನ್ನು ಹೀಗೇ ಒಯ್ದರೆ ತಂಗಿಯನ್ನು ಕಚೇರಿಯವರು ಏನಂದಾರು, ಸಭೆ ನೆಟ್ಟಗೆ ನಡೆಸಲಿಲ್ಲ ಎಂದಾರು ಅನ್ನಿಸಿತು. ಹಾಳೆ ಕೈಗೆ ತೆಗೆದುಕೊಂಡು ಬಡಿಸುತ್ತ ಹೋದೆ. ಇಲ್ಲೊಂದು ಹಸಿರು, ಅಲ್ಲೊಂದು ಕೆಂಪು. ಅಜ್ಜಿಯ ಊರಿಗೆ ನಾಲ್ಕಾರು ನೀಲಿ, ಜೊತೆಗೆ ಹಸಿರೂ. ತಪ್ಪು ಮಾಡುತ್ತಿದ್ದೇನೆ ಎಂದು ಆಗ ಅನ್ನಿಸಿತ್ತೇ? ನೆನಪಾಗುವುದಿಲ್ಲ. ಆದರೆ ತಂಗಿಯ ಹೆಜ್ಜೆ ಸದ್ದು ಕೇಳಿದಾಗ ಹಾಳೆಗಳನ್ನು ಗಡಿಬಿಡಿಯಲ್ಲಿ ಮಡಚಿ ಕಸದ ಬುಟ್ಟಿಗೆ ಹಾಕಿದೆ. ಅಂದರೆ ಒಳಗೆಲ್ಲೋ ಗೊತ್ತಿತ್ತು.

"ಅಯ್ಯೋ, ಇಷ್ಟೊಂದು ಬಂದಿದೆಯಲ್ಲಣ್ಣ!" ಎಂದು ಫೋಟೋ ತೆಗೆದುಕೊಂಡಳು. ಅವಳ ಮುಖ ಅರಳಿದ್ದು ನೋಡಿ ನಾನು ಬಾಯಿ ಬಿಡಲಿಲ್ಲ.

ಕೆಲವು ತಿಂಗಳ ಮೇಲೆ ರಜೆ ಹಾಕಿ ವೆರಿಬೀಗೆ ಹೋದೆ. ಮೆಲ್ಬರ್ನ್‌ನಲ್ಲಿ ಕರಡು ಒಪ್ಪಿಸುವ ಸಭೆಗೆ ಹೆಮ್ಮೆಯಿಂದ ನನ್ನನ್ನೂ ಕರೆದುಕೊಂಡು ಹೋದಳು. ಹಿಂದಿನ ಕುರ್ಚಿಯಲ್ಲಿ ಕೂತೆ. ಪುಟ್ಟ ದ್ವೀಪಕ್ಕೆ ದೋಣಿಕಟ್ಟೆ ಮತ್ತು ಶಾಲೆ ಎಂದು ಅವಳು ಓದಿದಾಗ ಆ ಕಡೆಯಿಂದ ಬಂದಿದ್ದ ಹಿರಿಯ ಅಧಿಕಾರಿಯೊಬ್ಬರು ಕೈ ಎತ್ತಿದರು.

"ನಾನು ಹುಟ್ಟಿದ್ದೇ ಅಲ್ಲಿ. ಕಟ್ಟೆ ಇರಲಿ, ಶಾಲೆ ಕೇಳಿದ್ದು ಯಾರಮ್ಮ? ಅಲ್ಲಿ ಈಗ ಮಕ್ಕಳೇ ಇಲ್ಲ. ಕುರಿಗಳಿಗೆ ಪಾಠ ಹೇಳೋದಾ?"

ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. "ಸಿಡ್ನಿಯಲ್ಲಿರೋ ಅಲ್ಲಿನ ಜನ ಕೇಳಿದ್ದಾರೆ ಸರ್. ಜನ ಕೇಳಿದ್ದನ್ನ ನಾನು ಹೊಡೆದುಹಾಕಲ್ಲ," ಎಂದಳು. ದನಿ ಗಟ್ಟಿಯಾಗಿತ್ತು. ನಾನು ನೆಲ ನೋಡುತ್ತ ಕೂತೆ.

ವಾಪಸ್ ಬರುವಾಗ ಕಾರಿನಲ್ಲಿ ಹೇಳಿಬಿಟ್ಟೆ. ಅವಳು ಪಕ್ಕಕ್ಕೆ ನಿಲ್ಲಿಸಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಯಾವ್ಯಾವುದು ನಿಂದು, ಯಾವುದು ಅವರ್ದು? ಜ್ಞಾಪಿಸ್ಕೊ."

"ಅಜ್ಜಿದು ಒಂದು ನೀಲಿ ನಿಜವಾದದ್ದು."

"ಯಾವುದು ಅದರಲ್ಲಿ?"

"ಎಲ್ಲಾ ಒಂದೇ ಥರ ಇತ್ತಲ್ಲ..."

"ಅಣ್ಣ, ಖಾಲಿ ಇದ್ರೆ ನಾವು ಖಾಲಿ ಅಂತಾನೇ ಬರ್ಕೋತೀವಿ. ಯಾಕೆ ಖಾಲಿ ಅಂತ ಆಮೇಲೆ ಹೋಗಿ ವಿಚಾರಿಸ್ತೀವಿ. ನಿಂಗ್ಯಾಕೆ ಬೇಕಿತ್ತು?" ಎಂದು ಸ್ಟೀರಿಂಗ್ ಮೇಲೆ ತಲೆ ಇಟ್ಟಳು.

ಸೋಮವಾರ ಅವಳೇ ಕಚೇರಿಗೆ ಹೇಳಿದಳು. ನನ್ನ ಸುದ್ದಿ ಎತ್ತಲಿಲ್ಲ, ನಕಾಶೆ ಕಾಯುವುದು ತನ್ನ ಜವಾಬ್ದಾರಿಯಾಗಿತ್ತು ಎಂದಳಂತೆ. ಸಿಡ್ನಿಯ ನಕಾಶೆಯನ್ನು ಇಡಿಯಾಗಿ ಬದಿಗಿಟ್ಟರು. ನನ್ನ ಚುಕ್ಕೆಗಳ ಜೊತೆ ಅಜ್ಜಿಯದೂ ಹೋಯಿತು. ಕರಡಿನಿಂದ ಶಾಲೆ ಹೋಯಿತು, ಕಟ್ಟೆಯೂ ಹೋಯಿತು. ಯೋಜನೆ ಬೇರೊಬ್ಬರ ಕೈಗೆ. ತಂಗಿಯನ್ನು ಕೆಲಸದಿಂದ ತೆಗೆಯಲಿಲ್ಲ, ಕಾಯಂ ಮಾಡಲೂ ಇಲ್ಲ. ಪಿಆರ್ ಮಾತು ಮುಂದಕ್ಕೆ ಬಿತ್ತು.

ಇಲ್ಲಿಯೇ ನನಗೆ ಲೆಕ್ಕ ತಪ್ಪುವುದು. ಮುಚ್ಚಿಟ್ಟಿದ್ದು ತಪ್ಪು, ಸರಿ. ಆದರೆ ಹೇಳಿದ ಮೇಲೆ ಅಲ್ಲವೇ ಕಟ್ಟೆ ಹೋದದ್ದು, ತಂಗಿಯ ಕೆಲಸ ನಡುವೆ ನಿಂತದ್ದು? ಒಮ್ಮೆ ಫೋನಿನಲ್ಲಿ ಕೇಳಿಯೂ ಬಿಟ್ಟೆ.

"ನಾನು ಸುಮ್ನೆ ಇದ್ದಿದ್ರೆ ಚೆನ್ನಾಗಿತ್ತಾ?"

"ಮಕ್ಕಳಿಲ್ಲದ ಊರಿಗೆ ಶಾಲೆ ಬರ್ತಿತ್ತು. ಕಟ್ಟೆನೂ ಬರ್ತಿತ್ತು," ಎಂದಳು. "ಗೊತ್ತಿಲ್ಲ ಬಿಡಣ್ಣ. ಊಟ ಆಯ್ತಾ?"

ಈಗಲೂ ಸಿಡ್ನಿಯಲ್ಲಿ ಸಭೆ ಇದ್ದರೆ ನಮ್ಮ ಮನೆಯಲ್ಲೇ ಉಳಿಯುತ್ತಾಳೆ. ನಾನು ಮಾಡಿದ ಸಾರು ಎರಡು ಸಲ ಹಾಕಿಸಿಕೊಳ್ಳುತ್ತಾಳೆ, ಉಪ್ಪು ಜಾಸ್ತಿಯಾಯಿತೆಂದು ರೇಗಿಸುತ್ತಾಳೆ. ಸಭೆ ಎಲ್ಲಿ ಎಂದು ಮಾತ್ರ ಹೇಳುವುದಿಲ್ಲ. ಸುತ್ತಿದ ನಕಾಶೆಯನ್ನು ಬಾಡಿಗೆ ಕಾರಿನ ಡಿಕ್ಕಿಯಲ್ಲೇ ಬಿಟ್ಟು, ಬೀಗ ಹಾಕಿ ಒಳಗೆ ಬರುತ್ತಾಳೆ.